ದುಃಖಕ್ಕೆ ಭೂತಕಾಲ ಮಾತ್ರ: ಲ್ಯಾಟರ್-ಡೇ ಸೇಂಟ್ಸ್ ಸಮುದಾಯದಲ್ಲಿ ಸಂತೋಷದ ಕಟ್ಟಳೆ

1. ಪೀಠಿಕೆ

ಲ್ಯಾಟರ್-ಡೇ ಸೇಂಟ್ಸ್ ಪಂಥದ ಸಭಾಮಂದಿರಗಳಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಉಪದೇಶವಿರುವುದಿಲ್ಲ. ಅಂದು ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು, ಉಳಿದ ಹಣವನ್ನು ಬಡವರ ನಿಧಿಗೆ ಸಲ್ಲಿಸುವ ಪದ್ಧತಿ. ರೊಟ್ಟಿ ಮತ್ತು ನೀರಿನ ಸಂಸ್ಕಾರ ಮುಗಿದ ಮೇಲೆ ಮನಸ್ಸಿಗೆ ಬಂದವರು ಒಬ್ಬೊಬ್ಬರಾಗಿ ಎದ್ದು ಹೋಗಿ, ಮೈಕಿನ ಮುಂದೆ ನಿಂತು, ತಮ್ಮ ನಂಬಿಕೆಗೆ ಸಾಕ್ಷಿ ನುಡಿಯುತ್ತಾರೆ. ಯಾರು ಮಾತಾಡಬೇಕೆಂದು ಮೊದಲೇ ಗೊತ್ತುಮಾಡಿರುವುದಿಲ್ಲ. ಮೈಕಿನ ಹತ್ತಿರ ಟಿಶ್ಯೂ ಪೆಟ್ಟಿಗೆ ಇಟ್ಟಿರುವುದು ಅನೇಕ ಕಡೆ ವಾಡಿಕೆ. ಮಾತಾಡುವವರು ಅಳುವುದು ಅಲ್ಲಿ ಅಷ್ಟು ಸಾಮಾನ್ಯ.

ಸದಾ ನಗುಮುಖದವರೆಂದು ಹೆಸರಾದ ಜನ ನೂರಾರು ಮಂದಿಯ ಎದುರು ಅಳುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆ ಮಾತುಗಳ ಅರ್ಥಕ್ಕಿಂತ ವ್ಯಾಕರಣವನ್ನು ಗಮನಿಸಿದರೆ ವಿಚಿತ್ರ ಕರಗುತ್ತದೆ. ಕೆಲಸ ಹೋಗಿತ್ತು, ಮಗು ಕಾಯಿಲೆ ಬಿದ್ದಿತ್ತು, ಮನಸ್ಸು ಕುಸಿದಿತ್ತು: ಕಷ್ಟಗಳೆಲ್ಲ ಭೂತಕಾಲದ ಕ್ರಿಯಾಪದಗಳಲ್ಲಿ ಬರುತ್ತವೆ. ಭರವಸೆ ಮಾತ್ರ ವರ್ತಮಾನದಲ್ಲಿ. ಕಟ್ಟುನಿಟ್ಟಾದ ಧಾರ್ಮಿಕ ಸಮುದಾಯ ದುಃಖವನ್ನು ನಿಷೇಧಿಸುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಪೂರ್ತಿ ಸರಿಯಲ್ಲ ಎಂಬುದು ಈ ಲೇಖನದ ವಾದ. ಸಮುದಾಯ ನಿಯಂತ್ರಿಸುವುದು ದುಃಖದ ಕಾಲವನ್ನು. ಕಳೆದ ದುಃಖಕ್ಕೆ ವೇದಿಕೆಯಿದೆ; ನಡೆಯುತ್ತಿರುವ ದುಃಖಕ್ಕೆ ಇಲ್ಲ. ನಗುಮುಖದ ಒತ್ತಡ ಹುಟ್ಟುವುದು ಈ ಅಂತರದಲ್ಲಿ.

ಈ ಪಂಥ ಕನ್ನಡನಾಡಿಗೆ ತೀರ ದೂರದ್ದೇನಲ್ಲ. ಬೆಂಗಳೂರಿನಲ್ಲಿ 1993ರಿಂದ ಅದರ ಮಿಷನ್ ಕೇಂದ್ರವಿದೆ. 2020ರ ಡಿಸೆಂಬರಿನಲ್ಲಿ ಇಲ್ಲಿ ಅದರ ದೇವಾಲಯಕ್ಕೆ ಶಂಕುಸ್ಥಾಪನೆಯಾಯಿತು. ಆದರೆ ಇಲ್ಲಿನ ಚರ್ಚೆ ಮುಖ್ಯವಾಗಿ ಅಮೆರಿಕದ ಯೂಟಾ ರಾಜ್ಯವನ್ನು ಕುರಿತದ್ದು.

2. ನೇಪಥ್ಯವಿಲ್ಲದ ರಂಗ

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಚರ್ಚಿನ ಸದಸ್ಯರನ್ನು ಜನ ಬಹುಕಾಲ ಮಾರ್ಮನ್ನರು ಎಂದೇ ಕರೆದರು. ಆ ಅಡ್ಡಹೆಸರನ್ನು ಬಿಡಬೇಕೆಂದು 2018ರಲ್ಲಿ ಚರ್ಚೇ ಕೇಳಿಕೊಂಡಿತು. ಕಾಫಿ, ಚಹಾ, ಮದ್ಯ, ತಂಬಾಕು ನಿಷಿದ್ಧ. ಆದಾಯದ ಹತ್ತನೆಯ ಒಂದು ಪಾಲು ಚರ್ಚಿಗೆ. ಸೋಮವಾರ ಸಂಜೆ ಮನೆಮಂದಿಗೆ ಮೀಸಲು. ಹುಡುಗರು ಎರಡು ವರ್ಷ, ಹೋಗಬಯಸುವ ಹುಡುಗಿಯರು ಒಂದೂವರೆ ವರ್ಷ ಮಿಷನ್ ಸೇವೆಗೆ ಹೊರಡುತ್ತಾರೆ. ದೇವಾಲಯದೊಳಗೆ ಕಾಲಿಡಲು ಅರ್ಹತಾಪತ್ರ ಬೇಕು. ಅದಕ್ಕೆ ಎರಡು ವರ್ಷಕ್ಕೊಮ್ಮೆ ಸಂದರ್ಶನ. ನಂಬಿಕೆ, ಶೀಲ, ದಶಾಂಶ, ಪ್ರಾಮಾಣಿಕತೆಗಳ ಬಗ್ಗೆ ಅಲ್ಲಿ ಪ್ರಶ್ನೆಗಳಿವೆ. ‘ನೀನು ಸಂತೋಷವಾಗಿದ್ದೀಯಾ?’ ಎಂಬ ಪ್ರಶ್ನೆ ಅವುಗಳಲ್ಲಿಲ್ಲ.

ನಗು ನಿಯಮವಾಗಿ ಬರೆದಿಟ್ಟದ್ದಲ್ಲ ಎಂದಾಯಿತು. ಹಾಗಿದ್ದರೂ ಅದು ಕಡ್ಡಾಯವಾಗುವುದು ಹೇಗೆ? ಉತ್ತರದ ಒಂದು ಭಾಗ ‘ವಾರ್ಡ್’ ಎಂಬ ಸ್ಥಳೀಯ ಘಟಕದ ರಚನೆಯಲ್ಲಿದೆ. ಯಾವ ಬೀದಿಯವರು ಯಾವ ವಾರ್ಡಿಗೆ ಹೋಗಬೇಕೆಂಬುದನ್ನು ನಕ್ಷೆ ನಿರ್ಧರಿಸುತ್ತದೆ. ಇಷ್ಟ ಬಂದ ಕಡೆ ಸೇರಿಕೊಳ್ಳುವಂತಿಲ್ಲ. ಬಿಷಪ್ ಸಂಬಳದ ಪಾದ್ರಿಯಲ್ಲ, ಅದೇ ವಾರ್ಡಿನ ಗೃಹಸ್ಥ. ಹಲ್ಲಿನ ಡಾಕ್ಟರೋ ಲೆಕ್ಕಪರಿಶೋಧಕನೋ ಇರಬಹುದು. ನಿಮ್ಮ ತಪ್ಪೊಪ್ಪಿಗೆ ಕೇಳುವಾತನೇ ನಿಮ್ಮ ಎದುರುಮನೆಯವನೂ ಹೌದು. ಸಂಡೇ ಸ್ಕೂಲಿನಲ್ಲಿ ನಿಮ್ಮ ಮಗುವಿಗೆ ಪಾಠ ಹೇಳುವ ‘ಸಿಸ್ಟರ್’ ಮಂಗಳವಾರ ತರಕಾರಿ ಅಂಗಡಿಯಲ್ಲಿ ಎದುರಾಗುತ್ತಾಳೆ. ಮನುಷ್ಯನ ಸಾಮಾಜಿಕ ನಡವಳಿಕೆಯಲ್ಲಿ ರಂಗವೂ ನೇಪಥ್ಯವೂ ಇರುತ್ತವೆ ಎಂದವನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್. ಯೂಟಾದ ದಟ್ಟ ವಾರ್ಡುಗಳಲ್ಲಿ ನೇಪಥ್ಯ ಮನೆಯ ಬಚ್ಚಲಿಗೆ ಇಳಿಯುತ್ತದೆ. ವೇಷ ಕಳಚಲು ಬೇರೆ ಜಾಗವಿಲ್ಲ.

ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಗ್ರಂಥದಲ್ಲಿ ಗಗನಸಖಿಯರ ನಗುವನ್ನು ಅಧ್ಯಯನ ಮಾಡಿ, ಮುಖದ ಮೇಲಷ್ಟೇ ನಡೆಯುವ ನಟನೆಯನ್ನೂ ಭಾವವನ್ನೇ ಬದಲಿಸಿಕೊಳ್ಳಲೆತ್ನಿಸುವ ಒಳನಟನೆಯನ್ನೂ ಬೇರ್ಪಡಿಸಿದರು. ವಿಶ್ವಾಸಿಗೂ ಗಗನಸಖಿಗೂ ಎರಡು ವ್ಯತ್ಯಾಸಗಳಿವೆ. ವಿಶ್ವಾಸಿಗೆ ಪಾಳಿ ಮುಗಿಯುವುದಿಲ್ಲ. ಎರಡನೆಯದು ಇನ್ನೂ ಕಠಿಣ: ಅಂತರಂಗವನ್ನು ಬಲ್ಲ ದೇವರ ಮುಂದೆ ಮೇಲುನಟನೆಯೇ ಒಂದು ಸುಳ್ಳು. ಆದ್ದರಿಂದ ನಕ್ಕರಷ್ಟೇ ಸಾಲದು, ನಗು ನಿಜವೆಂದು ತನ್ನನ್ನೇ ಒಪ್ಪಿಸಿಕೊಳ್ಳಬೇಕು.

3. ಹೊಗೆಯಿಲ್ಲದ ಬೆಂಕಿ

ಉತ್ತರದ ಇನ್ನೊಂದು ಭಾಗ ಸಿದ್ಧಾಂತದಲ್ಲಿದೆ. ಮನುಷ್ಯನ ಇರವಿನ ಗುರಿ ಆನಂದವೆಂದು ಪಂಥದ ಧರ್ಮಗ್ರಂಥವಾದ ಮಾರ್ಮನ್ ಗ್ರಂಥ ಸಾರುತ್ತದೆ. ದೇವರ ಯೋಜನೆಗೆ ಸುಖದ ಯೋಜನೆಯೆಂದೇ ಹೆಸರು. ಪಾಪದಲ್ಲಿ ಸುಖವಿಲ್ಲ, ಆಜ್ಞಾಪಾಲನೆಯಲ್ಲಿದೆ ಎಂಬುದು ಮಕ್ಕಳ ಪಾಠದಿಂದಲೇ ಕಲಿಸುವ ನಂಬಿಕೆ. ನಮ್ಮ ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಇದೊಂದು ವ್ಯಾಪ್ತಿ: ಎಲ್ಲೆಲ್ಲಿ ವಿಧೇಯತೆಯೋ ಅಲ್ಲಲ್ಲಿ ಆನಂದ.

ಈ ವ್ಯಾಪ್ತಿಯನ್ನು ಒಪ್ಪಿದವರು ಎರಡು ಬಗೆಯ ಅನುಮಾನಕ್ಕೆ ಇಳಿಯುತ್ತಾರೆ. ನಗುಮುಖ ಕಂಡಾಗ ಇವರು ವಿಧೇಯರು ಎನ್ನುವುದು ಮೊದಲನೆಯದು, ಅದು ತರ್ಕದೋಷ. ಬಾಡಿದ ಮುಖ ಕಂಡಾಗ ಇವರಲ್ಲಿ ಎಲ್ಲೋ ಲೋಪವಿದೆ ಎನ್ನುವುದು ಎರಡನೆಯದು. ವ್ಯಾಪ್ತಿ ನಿಜವಾಗಿದ್ದರೆ ಇದರಲ್ಲಿ ದೋಷವಿಲ್ಲ. ನಿರ್ದಯತೆ ಇರುವುದೂ ಇಲ್ಲೇ. ಖಿನ್ನಳಾದ ವಿಶ್ವಾಸಿ ನೆರೆಯವರು ಬಾಯಿಬಿಡುವ ಮೊದಲೇ ಈ ಅನುಮಾನವನ್ನು ತನ್ನ ಮೇಲೆ ತಾನೇ ಹೂಡಿಕೊಳ್ಳುತ್ತಾಳೆ: ದಶಾಂಶ ಕೊಟ್ಟಿದ್ದೇನೆ, ಪ್ರಾರ್ಥಿಸಿದ್ದೇನೆ, ಇನ್ನೇನು ಬಿಟ್ಟುಹೋಗಿದೆ?

ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂಬ ವಾದವನ್ನು ಮುರಿಯಲು ನೈಯಾಯಿಕರು ತೋರಿಸುತ್ತಿದ್ದುದು ಕಾದ ಕಬ್ಬಿಣದ ಗುಂಡನ್ನು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಶ್ರದ್ಧೆಯಿದ್ದೂ ಸಂತೋಷವಿಲ್ಲದ ವಿಶ್ವಾಸಿ ಅಂಥ ಗುಂಡು. ಆಕೆಯ ಇರವೇ ವ್ಯಾಪ್ತಿಯನ್ನು ಮುರಿಯುತ್ತದೆ. ಆದ್ದರಿಂದ ಅವಳು ಕಣ್ಣಿಗೆ ಬೀಳದಿರುವುದು ಸಮುದಾಯಕ್ಕೆ ಅನುಕೂಲ, ಅವಳಿಗೂ ಅನುಕೂಲ. ಗಮನಿಸಬೇಕಾದ ಸಂಗತಿಯೆಂದರೆ, ಆನಂದದ ಮಾತು ಬರುವ ಮಾರ್ಮನ್ ಗ್ರಂಥದ ಅದೇ ಅಧ್ಯಾಯ, ಸಂಕಟವನ್ನರಿಯದವರಿಗೆ ಆನಂದವೂ ತಿಳಿಯದೆಂಬ ಅರ್ಥದ ಮಾತನ್ನೂ ಹೇಳುತ್ತದೆ. ಗ್ರಂಥ ಆನಂದಕ್ಕೆ ಗಡುವು ಹಾಕಿಲ್ಲ. ಗಡುವು ಹಾಕಿದ್ದು ರೂಢಿ.

4. ಎರಡು ಬಗೆಯ ಕಣ್ಣೀರು

ಭರತನು ಹೇಳಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರುವೂ ಒಂದು. ಮನಸ್ಸು ನೆಲೆನಿಲ್ಲದೆ ಅದನ್ನು ಅಭಿನಯಿಸಲಾಗದು ಎಂಬ ಕಾರಣಕ್ಕೇ ಅದು ಸಾತ್ತ್ವಿಕ. ಸಾಕ್ಷಿಸಭೆಯ ಕಣ್ಣೀರಿಗೂ ಇಂಥದೇ ಮಾನ್ಯತೆಯಿದೆ. ಅದನ್ನು ಪವಿತ್ರಾತ್ಮದ ಸ್ಪರ್ಶವೆಂದು ಓದುತ್ತಾರೆ. ಆದರೆ ಅಶ್ರು ಶೋಕದಲ್ಲೂ ಬರುತ್ತದೆ, ಹರ್ಷದಲ್ಲೂ ಬರುತ್ತದೆ; ಯಾವುದೆಂದು ತಿಳಿಸಬೇಕಾದದ್ದು ಸಂದರ್ಭ. ಇಲ್ಲಿ ಆ ಕೆಲಸ ಮಾಡುವುದು ಕೊನೆಯ ವಾಕ್ಯ. ‘ನನಗೆ ಗೊತ್ತು’ ಎಂಬ ನಿಶ್ಚಯದಲ್ಲಿ ಮಾತು ಮುಗಿದರೆ ಕಣ್ಣೀರು ಪುಣ್ಯಜಲ. ಆ ನಿಶ್ಚಯಕ್ಕೆ ತಲುಪದೆ ನಡುವೆಯೇ ನಿಂತರೆ ಸಭೆ ಇರುಸುಮುರುಸುಗೊಳ್ಳುತ್ತದೆ.

ಇದರರ್ಥ ಸಮುದಾಯಕ್ಕೆ ಕರುಣೆಯಿಲ್ಲವೆಂದಲ್ಲ. 1842ರಲ್ಲಿ ಆರಂಭವಾದ ‘ರಿಲೀಫ್ ಸೊಸೈಟಿ’ ಎಂಬ ಮಹಿಳಾ ಸಂಘ ನೆರವಿಗೆ ನಿಲ್ಲುವುದರಲ್ಲಿ ಎತ್ತಿದ ಕೈ. ಬಾಣಂತಿಯ ಮನೆಗೆ, ಆಪರೇಷನ್ ಆದವರ ಮನೆಗೆ ಸರದಿಯಂತೆ ಊಟ ಬರುತ್ತದೆ. ಸಾವಿನ ಮನೆಯ ಊಟದಲ್ಲಿ ಆಲೂಗಡ್ಡೆ, ಚೀಸ್, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಬೇಯಿಸಿದ ಒಂದು ತಿನಿಸು ಇದ್ದೇ ಇರುತ್ತದೆ. ಅದನ್ನು ‘ಶವಸಂಸ್ಕಾರದ ಆಲೂಗಡ್ಡೆ’ ಎಂದೇ ಕರೆಯುತ್ತಾರೆ. ಹೆರಿಗೆ, ಸಾವು, ಶಸ್ತ್ರಚಿಕಿತ್ಸೆ ಎಲ್ಲಕ್ಕೂ ತಾರೀಖಿದೆ, ಬರುತ್ತವೆ, ಮುಗಿಯುತ್ತವೆ. ಖಿನ್ನತೆಗೆ ತಾರೀಖಿಲ್ಲ. ಎಂದು ಶುರುವಾಯಿತು, ಎಂದು ಮುಗಿದೀತು ಎಂದು ಹೇಳಲಾಗದ ಕಾಯಿಲೆಗೆ ಯಾವ ದಿನ ಪಾತ್ರೆ ಹೊತ್ತು ಹೋಗುವುದು?

5. ಸಾಕ್ಷ್ಯ ಮತ್ತು ಎಚ್ಚರ

ಖಿನ್ನತೆಯನ್ನು ಕುರಿತ ಈ ಮೌನ ಸಾರ್ವಜನಿಕವಾಗಿ ಒಡೆದದ್ದು 1979ರ ಫೆಬ್ರವರಿಯಲ್ಲಿ. ಚರ್ಚಿನದೇ ಒಡೆತನದ ಕೆಎಸ್ಎಲ್ ದೂರದರ್ಶನ ವಾಹಿನಿ ಮಾರ್ಮನ್ ಮಹಿಳೆಯರ ಖಿನ್ನತೆಯನ್ನು ಕುರಿತ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಿತು. ಪರಿಪೂರ್ಣ ತಾಯಿ, ಪರಿಪೂರ್ಣ ಗೃಹಿಣಿ ಎಂಬ ಆದರ್ಶದ ಭಾರವನ್ನು ಕುರಿತು ವಿಶ್ವಾಸಿ ಹೆಂಗಸರೇ ಅದರಲ್ಲಿ ಮಾತಾಡಿದರು. ಮೂವತ್ತನಾಲ್ಕು ವರ್ಷಗಳ ಬಳಿಕ, 2013ರ ಅಕ್ಟೋಬರ್ ಮಹಾಸಮ್ಮೇಳನದಲ್ಲಿ ಅಪೋಸ್ತಲ ಜೆಫ್ರಿ ಹಾಲೆಂಡ್ ಖಿನ್ನತೆಯನ್ನು ಕಾಯಿಲೆಯೆಂದೇ ಕರೆದು, ತಮ್ಮದೇ ಹಿಂದಿನ ಒಂದು ಅನುಭವವನ್ನು ಹೇಳಿಕೊಂಡರು. ಅಷ್ಟು ದೊಡ್ಡ ಪೀಠದಿಂದ ಬಂದ ಆ ಮಾತಿನ ಬೆಲೆ ಸಣ್ಣದಲ್ಲ. ಆದರೂ ಹೇಳಿಕೊಂಡದ್ದು ಕಳೆದುಹೋದ ಸಂಕಟವನ್ನು ಎಂಬುದು ನಮ್ಮ ವಾದಕ್ಕೆ ಪ್ರಸ್ತುತ.

ಇಲ್ಲಿ ಒಂದು ಎಚ್ಚರ ಬೇಕು. ಖಿನ್ನತೆ ನಿವಾರಕ ಗುಳಿಗೆಗಳ ಬಳಕೆಯಲ್ಲಿ ಯೂಟಾ ಅಮೆರಿಕಕ್ಕೇ ಮೊದಲೆಂದು ಈ ಶತಮಾನದ ಆರಂಭದಲ್ಲಿ ಔಷಧ ವಹಿವಾಟಿನ ಸಂಸ್ಥೆಯೊಂದರ ವರದಿ ಹೇಳಿದಾಗ, ಅನೇಕರು ನೇರವಾಗಿ ಧರ್ಮದತ್ತ ಬೆರಳು ತೋರಿದರು. ಗುಳಿಗೆಯ ಲೆಕ್ಕ ಕಾಯಿಲೆಯ ಲೆಕ್ಕವಲ್ಲ. ಮದ್ಯ ಮುಟ್ಟದ ಜನ ನೋವಿಗೆ ಡಾಕ್ಟರರ ಬಳಿ ಹೋಗುವುದೂ ಹೆಚ್ಚಿರಬಹುದು. ರಾಜ್ಯದ ಅಂಕಿಯಿಂದ ವಿಶ್ವಾಸಿಯ ಮನಸ್ಸನ್ನು ಊಹಿಸುವಂತೆಯೂ ಇಲ್ಲ. ಧಾರ್ಮಿಕತೆಗೂ ಮನೋರೋಗಕ್ಕೂ ಅಂಥ ನೇರ ನಂಟು ಕಾಣದೆಂದು ಮನಶ್ಶಾಸ್ತ್ರಜ್ಞ ಅಲೆನ್ ಬರ್ಗಿನ್ 1983ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದರು. ಆದ್ದರಿಂದ ಈ ಪಂಥ ಹೆಚ್ಚು ದುಃಖಿಗಳನ್ನು ಹುಟ್ಟಿಸುತ್ತದೆಯೇ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ಇರುವ ದುಃಖ ಯಾವ ರೂಪದಲ್ಲಿ ಹೊರಬರಬಹುದು ಎಂಬುದು ಪ್ರಶ್ನೆ.

6. ಎರಡು ಹೋಲಿಕೆಗಳು

ಕಟ್ಟುನಿಟ್ಟೇ ಕಾರಣವಾಗಿದ್ದರೆ ಇನ್ನೂ ಕಟ್ಟುನಿಟ್ಟಿನ ಸಮುದಾಯಗಳಲ್ಲಿ ಒತ್ತಡ ಇನ್ನೂ ಹೆಚ್ಚಿರಬೇಕು. ಉತ್ತರ ಅಮೆರಿಕದ ಹಟ್ಟರೈಟರು ಆಸ್ತಿಯನ್ನೂ ಸಮುದಾಯದ ಒಡೆತನದಲ್ಲಿಟ್ಟು ಬಾಳುವವರು. ಅವರಲ್ಲಿ ಮನೋರೋಗವೇ ಇಲ್ಲವೆಂಬ ಪ್ರತೀತಿಯನ್ನು ಸಮಾಜಶಾಸ್ತ್ರಜ್ಞ ಜೋಸೆಫ್ ಈಟನ್ ಮತ್ತು ಮನೋವೈದ್ಯ ರಾಬರ್ಟ್ ವೈಲ್ ಪರೀಕ್ಷಿಸಿ 1955ರಲ್ಲಿ ಗ್ರಂಥ ಪ್ರಕಟಿಸಿದರು. 8,542 ಮಂದಿಯಲ್ಲಿ 199 ಜನರಿಗೆ ಒಂದಲ್ಲ ಒಂದು ಮನೋವ್ಯಾಧಿ ಇತ್ತು ಅಥವಾ ಹಿಂದೆ ಇದ್ದು ಗುಣವಾಗಿತ್ತು. ತೀವ್ರ ಸ್ವರೂಪದ 53 ಪ್ರಕರಣಗಳಲ್ಲಿ 39 ಉನ್ಮಾದ-ಖಿನ್ನತೆಯ ವರ್ಗದವು, ಸ್ಕಿಜೋಫ್ರೇನಿಯಾ 9 ಮಾತ್ರ. ಪ್ರತೀತಿ ಸುಳ್ಳಾಯಿತು. ಆದರೆ ಖಿನ್ನತೆಗೆ ಹಟ್ಟರೈಟರಲ್ಲಿ ಒಂದು ಹೆಸರಿತ್ತು: ‘ಆನ್‌ಫೆಖ್ಟುಂಗ್’, ಅಂದರೆ ಸೈತಾನನೊಡ್ಡುವ ಪರೀಕ್ಷೆ. ಅದು ಸಜ್ಜನರಿಗೂ ಬರುವಂಥದು. ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ಆತ ‘ಪರೀಕ್ಷೆಯಲ್ಲಿದ್ದಾನೆ’: ಕ್ರಿಯಾಪದ ವರ್ತಮಾನಕಾಲದ್ದು.

ಎರಡನೆಯದು ಯುಕ್ರೇನಿನ ಬ್ರೆಸ್ಲವ್ ಹಸಿದೀಯರೆಂಬ ಯೆಹೂದಿ ಪಂಥದವರದು. ಸದಾ ಸಂತೋಷವಾಗಿರುವುದು ಮಹಾವ್ರತವೆಂದು ಬೋಧಿಸಿದವರು ಅವರ ಗುರು ರಬ್ಬಿ ನಾಖ್ಮನ್ (1772–1810). ಅವರು ಎಳೆಯ ಮಗನನ್ನೂ ಹೆಂಡತಿಯನ್ನೂ ಕಳೆದುಕೊಂಡವರು, ತಾವೇ ಕ್ಷಯದಿಂದ ತೀರಿಕೊಂಡವರು. ನಗುವಿನ ಕಟ್ಟಳೆ ಇಲ್ಲಿ ಯೂಟಾಕ್ಕಿಂತಲೂ ಸ್ಪಷ್ಟ. ಆದರೆ ಅದರ ಜೊತೆಗೇ ದಿನದಲ್ಲಿ ಒಂದಿಷ್ಟು ಹೊತ್ತು ಏಕಾಂತದಲ್ಲಿ ಕೂತು, ಆಡುನುಡಿಯಲ್ಲೇ ದೇವರ ಮುಂದೆ ಎದೆಯೊಡೆದು ಅಳಬೇಕೆಂದೂ ಅವರು ವಿಧಿಸಿದರು. ಒಡೆದ ಹೃದಯ ಬೇರೆ, ಜಡವಾದ ವಿಷಾದ ಬೇರೆ ಎಂಬ ವಿವೇಕ ಅವರದು. ಅಲ್ಲಿ ದುಃಖಕ್ಕೆ ಪ್ರತಿದಿನದ ಸಮಯವಿದೆ, ಅದಕ್ಕೊಂದು ನೇಪಥ್ಯವೂ ಇದೆ.

ಹೋಲಿಕೆಯಿಂದ ತಿಳಿಯುವುದಿಷ್ಟು: ಆಚಾರದ ಬಿಗಿಯಾಗಲಿ ಸಂತೋಷದ ಆಜ್ಞೆಯಾಗಲಿ ತಾನಾಗಿಯೇ ಮುಖವಾಡವನ್ನು ಹುಟ್ಟಿಸುವುದಿಲ್ಲ. ನಡೆಯುತ್ತಿರುವ ದುಃಖಕ್ಕೆ ಮಾನವುಳ್ಳ ಹೆಸರೋ ಗೊತ್ತಾದ ಹೊತ್ತೋ ಇಲ್ಲದ ಕಡೆ ಮುಖವಾಡ ಅನಿವಾರ್ಯವಾಗುತ್ತದೆ.

7. ಸಮಾರೋಪ

ಲ್ಯಾಟರ್-ಡೇ ಸೇಂಟ್ಸ್ ಪರಂಪರೆಯಲ್ಲಿ ಅಂಥ ಹೊತ್ತು ಎಂದೂ ಇರಲಿಲ್ಲವೇ? ಇತ್ತು. 1846ರ ಏಪ್ರಿಲಿನಲ್ಲಿ, ‘ನಾವೂ’ ಎಂಬ ಪಟ್ಟಣ ಬಿಟ್ಟು ಪಶ್ಚಿಮಕ್ಕೆ ಹೊರಟ ಗಾಡಿಗಳು ಐಯೊವಾದ ಕೆಸರಿನಲ್ಲಿ ಹೂತುಕೊಳ್ಳುತ್ತಿದ್ದಾಗ, ಹಿಂದೆ ಉಳಿದ ಹೆಂಡತಿಗೆ ಗಂಡುಮಗು ಹುಟ್ಟಿತೆಂಬ ಸುದ್ದಿ ಕೇಳಿ ವಿಲಿಯಂ ಕ್ಲೇಟನ್ ಒಂದು ಹಾಡು ಬರೆದ. ಅದು ಇಂದಿಗೂ ಈ ಪಂಥದ ಅತಿ ಪ್ರಿಯವಾದ ಸ್ತೋತ್ರಗಳಲ್ಲೊಂದು. ಎಲ್ಲವೂ ನೆಟ್ಟಗಿದೆಯೆಂಬ ಭಾವ ಅದರ ಪಲ್ಲವಿಯಲ್ಲಿದೆ. ಆದರೆ ಕೊನೆಯ ಚರಣ ಗುರಿ ಮುಟ್ಟುವ ಮೊದಲೇ ಸಾಯಬಹುದೆಂಬುದನ್ನು ಮುಚ್ಚಿಡುವುದಿಲ್ಲ. ಅದನ್ನು ಮೊದಲು ಹಾಡಿದವರು ಇನ್ನೂ ದಾರಿಯಲ್ಲಿದ್ದರು. ಆ ಸಂತೈಕೆ ನಡೆಯುತ್ತಿದ್ದ ಸಂಕಟದ ನಡುವಿನದು.

ಪ್ರತಿ ವರ್ಷ, ಪೂರ್ವಜರು ಸಾಲ್ಟ್ ಲೇಕ್ ಕಣಿವೆ ಸೇರಿದ ನೆನಪಿನ ಜುಲೈ 24ರ ಹಬ್ಬದ ಸುತ್ತಮುತ್ತ, ಆ ಹಾಡು ಮತ್ತೆ ಕೇಳಿಬರುತ್ತದೆ. ಪದಗಳು ಬದಲಾಗಿಲ್ಲ. ಹಾಡುವವರು ಮಾತ್ರ ಊರು ಸೇರಿದವರು. ಹಾಡಿನ ಕೆಸರು ಈಗ ಅಜ್ಜ-ಮುತ್ತಜ್ಜರದು. ಅವರ ನಡುವೆ, ಬೆಂಚಿನ ತುದಿಯಲ್ಲಿ, ಇನ್ನೂ ದಾರಿಯಲ್ಲೇ ಇರುವ ಒಬ್ಬಳು ಕೂತಿರಬಹುದು. ಹಾಡು ಬರೆದದ್ದು ಅವಳಂಥವರಿಗೇ. ಅದನ್ನು ಅವಳಿಗೆ ಹೇಳುವವರು ಬೇಕು.