ಅರವತ್ತರ ಎಣಿಕೆ, ಹತ್ತರ ಯಂತ್ರ

ವೃತ್ತವನ್ನು 360 ಡಿಗ್ರಿಗಳಾಗಿಯೂ ಡಿಗ್ರಿಯನ್ನು 60 ಮಿನಿಟುಗಳಾಗಿಯೂ ಮಿನಿಟನ್ನು 60 ಸೆಕೆಂಡುಗಳಾಗಿಯೂ ಒಡೆಯುವ ಪದ್ಧತಿಯ ಬೇರು ಬ್ಯಾಬಿಲೋನಿಯದ ಅರವತ್ತರ ಎಣಿಕೆಯಲ್ಲಿದ್ದು, ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತನ್ನ ಜ್ಯಾ ಕೋಷ್ಟಕವನ್ನು ಇದೇ ಎಣಿಕೆಯಲ್ಲಿ ರಚಿಸಿದ. ಭಾರತದ ಜ್ಯೋತಿಶ್ಶಾಸ್ತ್ರದಲ್ಲಿ ಈ ಮೂರು ಅಳತೆಗಳಿಗೆ ಅಂಶ, ಕಲೆ, ವಿಕಲೆ ಎಂಬ ಹೆಸರುಗಳಿವೆ. ಕ್ರಿ.ಶ. 499ರ ಸುಮಾರಿನ ಆರ್ಯಭಟೀಯವು ವೃತ್ತದ ಪರಿಧಿಯನ್ನು 21,600 ಕಲೆಗಳೆಂದು ಹಿಡಿದು, ತ್ರಿಜ್ಯವನ್ನೂ ಅದೇ ಕಲೆಗಳಲ್ಲಿ ಅಳೆದು 3,438 ಎಂದು ಇಟ್ಟುಕೊಂಡಿತು. ಹೀಗಾಗಿ 225 ಕಲೆಗಳ ಕಂಸಕ್ಕೆ ಅರ್ಧಜ್ಯಾ, ಅಂದರೆ ಇಂದಿನ ಸೈನ್, ಕೂಡ 225 ಕಲೆಯೇ ಆಗಿ ಬರುತ್ತದೆ. ಕಂಸ ಮತ್ತು ತ್ರಿಜ್ಯ ಎರಡನ್ನೂ ಒಂದೇ ಮಾನದಿಂದ ಅಳೆಯುವ ಈ ಜಾಣತನ, ಇಂದಿನ ರೇಡಿಯನ್ ಮಾಪನದ ಹಿಂದಿರುವ ವಿಚಾರವೇ ಆಗಿದೆ.

ಅರವತ್ತರ ಅನುಕೂಲವೆಂದರೆ ಅದನ್ನು 2, 3, 4, 5, 6 ಎಲ್ಲವೂ ನಿಶ್ಶೇಷವಾಗಿ ಭಾಗಿಸುತ್ತವೆ. ಡಿಗ್ರಿಯ ಮೂರನೆಯ ಒಂದು ಭಾಗ ಸರಿಯಾಗಿ 20 ಮಿನಿಟು, ದಶಮಾಂಶದಲ್ಲಾದರೆ ಅದೇ 0.3333 ಎಂದು ಕೊನೆಯಿಲ್ಲದೆ ಸಾಗುತ್ತದೆ. ಆದರೆ ಕೂಡಿ, ಗುಣಿಸಿ, ಲಾಗರಿತಮ್ ಹುಡುಕುವವನಿಗೆ ಹತ್ತು ಮತ್ತು ಅರವತ್ತರ ನಡುವೆ ಓಡಾಡುವ ಈ ಕೆಲಸ ತೊಡಕಿನದಾಗಿತ್ತು. ಇಂಗ್ಲೆಂಡಿನ ಹೆನ್ರಿ ಬ್ರಿಗ್ಸ್ ಇದಕ್ಕೆ ಪರಿಹಾರವಾಗಿ ಡಿಗ್ರಿಯನ್ನು ನೂರು ಭಾಗ ಮಾಡಿ ಕೋಷ್ಟಕ ಸಿದ್ಧಪಡಿಸಿದ. ಅವನ ಮರಣಾನಂತರ 1633ರಲ್ಲಿ ಅದು ಹಾಲೆಂಡಿನ ಗೌಡಾ ಪಟ್ಟಣದಲ್ಲಿ ಅಚ್ಚಾಯಿತು. ಅದೇ ವರ್ಷ ಆಡ್ರಿಯಾನ್ ವ್ಲಾಕ್ ಹತ್ತು ಸೆಕೆಂಡಿಗೊಂದರಂತೆ ಹಳೆಯ ವಿಭಾಗದಲ್ಲೇ ಕೋಷ್ಟಕ ಹೊರತಂದ, ಗಣಕರು ಅದನ್ನೇ ಹಿಡಿದರು. ಉಪಕರಣಗಳ ಬಿಲ್ಲೆಗಳ ಮೇಲೆ ಮಿನಿಟುಗಳನ್ನೇ ಕೊರೆದಿರುವಾಗ, ನಕ್ಷತ್ರಪಟ್ಟಿಗಳೆಲ್ಲ ಮಿನಿಟುಗಳಲ್ಲೇ ಇರುವಾಗ, ಬ್ರಿಗ್ಸನ ಪುಸ್ತಕಕ್ಕೆ ಗ್ರಾಹಕರು ಸಿಗದಿದ್ದುದು ಆಶ್ಚರ್ಯವಲ್ಲ. 1790ರ ದಶಕದ ಫ್ರಾನ್ಸ್ ಲಂಬಕೋನವನ್ನೇ ನೂರು ಗ್ರೇಡುಗಳಾಗಿಸಿ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿತು; ಕ್ಯಾಲ್ಕುಲೇಟರಿನಲ್ಲಿ ಡಿಗ್ರಿ, ರೇಡಿಯನ್‌ಗಳ ಪಕ್ಕದಲ್ಲಿ ಕಾಣುವ ಮೂರನೆಯ ಆಯ್ಕೆ ಅದರ ಉಳಿಕೆ.

1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ವಿಲಿಯಂ ಲ್ಯಾಂಬ್‌ಟನ್ ಆರಂಭಿಸಿದ ತ್ರಿಕೋನ ಸರ್ವೇಕ್ಷಣೆಯೂ ಡಿಗ್ರಿ, ಮಿನಿಟು, ಸೆಕೆಂಡುಗಳಲ್ಲೇ ನಡೆಯಿತು. ಪಿಯುಸಿ ವಿದ್ಯಾರ್ಥಿಗಳು ಬಳಸುತ್ತಿದ್ದ ನಾಲ್ಕಂಕಿಯ ಲಾಗ್ ಪುಸ್ತಕದಲ್ಲಿ ಆರು ಆರು ಮಿನಿಟುಗಳ ಕಂಬಸಾಲುಗಳಿದ್ದು, ಆರು ಮಿನಿಟೆಂದರೆ ಡಿಗ್ರಿಯ ಹತ್ತನೆಯ ಒಂದು ಭಾಗವಾದ್ದರಿಂದ, ಬ್ರಿಗ್ಸನ ದಶಮಾಂಶ ಅಲ್ಲಿ ಸದ್ದಿಲ್ಲದೆ ಕುಳಿತಿತ್ತೆನ್ನಬಹುದು.

ಕೈಯಲ್ಲಿ ಹಿಡಿಯುವ ಮೊದಲ ವೈಜ್ಞಾನಿಕ ಕ್ಯಾಲ್ಕುಲೇಟರ್, 1972ರ ಎಚ್‌ಪಿ-35, ಕೋನವನ್ನು ದಶಮಾಂಶ ಡಿಗ್ರಿಯಲ್ಲಿ ಮಾತ್ರ ಸ್ವೀಕರಿಸುತ್ತಿತ್ತು; ಪರಿವರ್ತನೆಯ ಗುಂಡಿ ಬಂದದ್ದು ಮರುವರ್ಷದ ಎಚ್‌ಪಿ-45ರಲ್ಲಿ. ಅದರ ಕ್ರಮವೇ ವಿಚಿತ್ರ: 12 ಡಿಗ್ರಿ 58 ಮಿನಿಟು 30 ಸೆಕೆಂಡನ್ನು 12.5830 ಎಂದು ಒತ್ತಿ ಪರಿವರ್ತಿಸಿದರೆ, ಯಂತ್ರವು 58ನ್ನು 60ರಿಂದಲೂ 30ನ್ನು 3,600ರಿಂದಲೂ ಭಾಗಿಸಿ ಕೂಡಿ 12.975 ಎಂದು ತೋರಿಸುತ್ತದೆ. ಪರಿವರ್ತಿಸಲು ಮರೆತು 12.5830ನ್ನೇ ಅಕ್ಷಾಂಶವೆಂದು ಲೆಕ್ಕಕ್ಕೆ ಹಚ್ಚಿದರೆ ಊರು ಸುಮಾರು 43 ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆ, ಯಂತ್ರವೇನೂ ಎಚ್ಚರಿಸುವುದಿಲ್ಲ. ಕ್ಯಾಸಿಯೊ ಯಂತ್ರಗಳಲ್ಲಿ ಪ್ರತಿ ಸಂಖ್ಯೆಯ ನಂತರವೂ ಅದಕ್ಕೆಂದೇ ಇರುವ ಗುಂಡಿಯನ್ನು ಒತ್ತುವ ಪದ್ಧತಿ ಇದಕ್ಕಿಂತ ಸುರಕ್ಷಿತ. ಸಾಮಾನ್ಯ ಮಾದರಿಗಳ ಪರದೆಯ ಮೇಲೆ ಮಿನಿಟಿಗೂ ಡಿಗ್ರಿಯದೇ ಚಿಹ್ನೆ ಬಿದ್ದು 12°58°30 ಎಂದು ಕಾಣುವುದು ಮಾತ್ರ ಹೊಸಬರನ್ನು ಗೊಂದಲಗೊಳಿಸುತ್ತದೆ. ಹಿಂದಿರುಗುವ ದಾರಿಯಲ್ಲಿ ದಶಮಾಂಶ ಭಾಗವನ್ನು 60ರಿಂದ ಗುಣಿಸಿ ಪೂರ್ಣಾಂಕವನ್ನು ಮಿನಿಟಾಗಿ ಹಿಡಿದು, ಉಳಿದುದನ್ನು ಮತ್ತೆ 60ರಿಂದ ಗುಣಿಸಿದರೆ ಸೆಕೆಂಡು ಬರುತ್ತದೆ. ಹತ್ತಂಕಿಯ ಯಂತ್ರದಲ್ಲಿ 20 ಮಿನಿಟಿನ ಕೊನೆಯಿಲ್ಲದ ಮೂರುಗಳನ್ನು ಕತ್ತರಿಸಿದರೆ ಆಗುವ ತಪ್ಪು ಭೂಮಿಯ ಮೇಲೆ ಒಂದು ಮಿಲಿಮೀಟರಿಗೂ ಬಹಳ ಕಡಿಮೆ.

ಹೀಗೆ ಯಂತ್ರದ ಒಳಗೆ ಬ್ರಿಗ್ಸ್ ಗೆದ್ದ, ಗುಂಡಿಗಳ ಮೇಲೆ ವ್ಲಾಕ್ ಉಳಿದ. ಸಮುದ್ರದಲ್ಲಿ ಮಾತ್ರ ಮೂರನೆಯದೊಂದು ರೂಢಿ ನಿಂತಿದೆ: ಅಕ್ಷಾಂಶದ ಒಂದು ಮಿನಿಟು ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರಿಗೆ, ಸಮನಾಗಿರುವುದರಿಂದ ನಾವಿಕರು ಮಿನಿಟನ್ನು ಬಿಡದೆ, ಸೆಕೆಂಡನ್ನು ಮಾತ್ರ ಕೈಬಿಟ್ಟು, ಅದೇ ಅಕ್ಷಾಂಶವನ್ನು 12 ಡಿಗ್ರಿ 58.5 ಮಿನಿಟು ಎಂದು ಬರೆಯುತ್ತಾರೆ.