ಲಖ್‌ಪತ್ತಿನ ಎರಡು ಒಡ್ಡುಗಳು

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿದ ನಮಗೆ ಕಚ್ಛ್ ಎಂದರೆ ಬಿಳಿ ಉಪ್ಪಿನ ರಣ್. 45,674 ಚದರ ಕಿಲೋಮೀಟರ್ ವಿಸ್ತಾರದ, ಕರ್ನಾಟಕದ ಸುಮಾರು ಕಾಲುಭಾಗದಷ್ಟಿರುವ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 46 ಮಂದಿ ಮಾತ್ರ. ಆದರೆ ಅದರ ಪಶ್ಚಿಮದಂಚಿನ ಲಖ್‌ಪತ್ ಸೀಮೆಯಲ್ಲಿ ಒಂದು ಕಾಲಕ್ಕೆ ಸಿಂಧೂ ನದಿಯ ಕವಲೊಂದು ಹರಿದು, ಬತ್ತ ಬೆಳೆಯುತ್ತಿತ್ತು.

1762ರ ಝಾರಾ ಕಾಳಗದ ಬಳಿಕ ಸಿಂಧ್‌ನ ದೊರೆ ಗುಲಾಮ್ ಷಾ ಕಲ್ಹೋರಾ ಆ ಕವಲಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದನು. 1819ರ ಜೂನ್ 16ರ ಭೂಕಂಪದಲ್ಲಿ ಸಿಂದ್ರಿ ಕೋಟೆ ಮುಳುಗಿತು. ಅದರ ಉತ್ತರಕ್ಕೆ ನೆಲವೇ ಉದ್ದನೆಯ ದಿಬ್ಬವಾಗಿ ಎದ್ದಿತು. ಮನುಷ್ಯರು ಕಟ್ಟಿದ ಒಡ್ಡುಗಳಿಂದ ಬೇರ್ಪಡಿಸಲು ಜನರು ಅದನ್ನು ‘ಅಲ್ಲಾಹ್ ಬಂಧ್’, ಅಂದರೆ ದೇವರ ಒಡ್ಡು, ಎಂದು ಕರೆದರು.

ನೀರು ಹೋಯಿತು, ವ್ಯಾಪಾರವೂ ಹೋಯಿತು. 1801ರಲ್ಲಿ ಫತೇ ಮಹಮ್ಮದ್ ಬಲಪಡಿಸಿದ್ದ ಕೋಟೆಗೋಡೆ ಉಳಿಯಿತು. ಲಖ್‌ಪತ್ತಿನ ಬರಡನ್ನು ನಿಸರ್ಗದ ಲೆಕ್ಕಕ್ಕೆ ಮಾತ್ರ ಬರೆಯಲಾಗದು. ಮೊದಲ ಒಡ್ಡು ಹಗೆತನದ್ದು.