ಲಾಲ್‌ಬಾಗಿನ ಗಾಜಿನ ಮನೆಯ ಹಿಂದೆ ಒಂದು ನೈದಿಲೆ

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲೂ ಒಂದು ಲಾಲ್‌ಬಾಗ್ ಇದೆ, ಆದರೆ ಅದು ಗಣಪತಿಯ ಲಾಲ್‌ಬಾಗ್! ಹೂವಿನ ಲಾಲ್‌ಬಾಗ್ ನಮ್ಮ ಬೆಂಗಳೂರಿನದೇ. ಅಲ್ಲಿನ ಗಾಜಿನ ಮನೆಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ ಅಂತ ನಾವೆಲ್ಲ ಕೇಳಿದ್ದೇವೆ. ಸರಿ, ಆ ಕ್ರಿಸ್ಟಲ್ ಪ್ಯಾಲೇಸಿಗೆ ಮಾದರಿ ಯಾವುದು? ಹುಡುಕುತ್ತ ಹೋದರೆ ನೀರಿನ ತೊಟ್ಟಿಯಲ್ಲಿ ಬೆಳೆದ ಒಂದು ಗಿಡ ಸಿಗುತ್ತದೆ.

ಅದು ದಕ್ಷಿಣ ಅಮೆರಿಕದ ದೈತ್ಯ ನೈದಿಲೆ. ಎಲೆ ಎಂಟು ಅಡಿ ಅಗಲಕ್ಕೂ ಬೆಳೆಯುತ್ತದೆ, ಅಂಚು ಹರಿವಾಣದ ಹಾಗೆ ಮೇಲಕ್ಕೆ ಮಡಚಿರುತ್ತದೆ. ಹೂವು ಮೊದಲ ಸಂಜೆ ಬಿಳಿ, ಮರುದಿನ ಗುಲಾಬಿ, ಆಮೇಲೆ ನೀರಿಗೆ ಇಳಿದುಬಿಡುತ್ತದೆ. ಈ ಜಾತಿಯ ನೈದಿಲೆಗೆ ಅಲ್ಲಿನ ಗ್ವಾರಾನಿ ಜನ 'ಇರುಪೆ' ಅಂದಿದ್ದರು, ಅಂದರೆ ನೀರಿನ ಮೇಲಿನ ತಟ್ಟೆ. ಬೀಜವನ್ನು ತಿನ್ನುತ್ತಲೂ ಇದ್ದರು. 1837ರಲ್ಲಿ ಷೋಂಬರ್ಕ್ ಬ್ರಿಟಿಷ್ ಗಯಾನಾದಲ್ಲಿ ಅದನ್ನು ಕಂಡ ಮೇಲೆ ಇಂಗ್ಲೆಂಡಿನವರು ತಮ್ಮ ರಾಣಿ ವಿಕ್ಟೋರಿಯಾಳ ಹೆಸರಿಟ್ಟರು. ಹೆಸರಿಡುವುದು ಸುಲಭ, ಚಳಿದೇಶದಲ್ಲಿ ಅದನ್ನು ಬದುಕಿಸುವುದು ಹೇಗೆ?

1849ರಲ್ಲಿ ಕ್ಯೂ ಉದ್ಯಾನದಿಂದ ಒಂದು ಸಸಿ ಚಾಟ್ಸ್‌ವರ್ತ್‌ಗೆ ಬಂತು. ಅಲ್ಲಿ ಡ್ಯೂಕ್ ಸಾಹೇಬರ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್. ರೈತನ ಮಗ, ಎಂಜಿನಿಯರಿಂಗ್ ಓದಿದವನಲ್ಲ. ಆದರೆ ನದಿಯ ಗಿಡಕ್ಕೆ ನಿಂತ ತಣ್ಣೀರು ಒಗ್ಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ತೊಟ್ಟಿಯ ನೀರನ್ನು ಬೆಚ್ಚಗಿಟ್ಟ, ಪುಟ್ಟ ಚಕ್ರಗಳಿಂದ ಅಲುಗಾಡಿಸುತ್ತ ಇದ್ದ. ಅದೇ ನವೆಂಬರಿನಲ್ಲಿ ಹೂವು ಅರಳಿತು, ಕ್ಯೂ ಉದ್ಯಾನಕ್ಕಿಂತ ಮೊದಲೇ! ಎಲೆ ಎಷ್ಟು ಭಾರ ತಡೆಯುತ್ತದೆ ಅಂತ ತನ್ನ ಪುಟ್ಟ ಮಗಳು ಆನಿಯನ್ನೇ ಅದರ ಮೇಲೆ ನಿಲ್ಲಿಸಿದ. ಎಲೆ ಮುಳುಗಲಿಲ್ಲ. ಅಡಿಯಲ್ಲಿ ಬಲೆಯಂತೆ ಹೆಣೆದ ದಪ್ಪ ನರಗಳು ಭಾರ ಹೊರುತ್ತವೆ, ಮೇಲಿನದು ತೆಳ್ಳನೆಯ ಹೊದಿಕೆ ಅಷ್ಟೆ.

ಗಿಡ ಬೆಳೆದಂತೆ ಜಾಗ ಸಾಲದಾಯಿತು. ಅದಕ್ಕೆಂದೇ 1850ರಲ್ಲಿ ಚಪ್ಪಟೆ ಚಾವಣಿಯ ಹೊಸ ಗಾಜಿನ ಮನೆ ಕಟ್ಟಿದ. ಅದೇ ಹೊತ್ತಿಗೆ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಂದ ಇನ್ನೂರಕ್ಕೂ ಹೆಚ್ಚು ನಕ್ಷೆಗಳಲ್ಲಿ ಒಂದೂ ಸಮಿತಿಗೆ ಒಪ್ಪಿಗೆಯಾಗಿರಲಿಲ್ಲ. ಜೂನ್ 11ರಂದು ರೈಲ್ವೆ ಕಂಪನಿಯೊಂದರ ಸಭೆಯಲ್ಲಿ ಕೂತಿದ್ದ ಪ್ಯಾಕ್ಸ್‌ಟನ್ ಬ್ಲಾಟಿಂಗ್ ಪೇಪರಿನ ಮೇಲೆ ತನ್ನ ನಕ್ಷೆ ಗೀಚಿದ. ಆ ಹಾಳೆ ಇವತ್ತಿಗೂ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ. ಬ್ಯಾಂಕಿನವನಾಗಿ ನನಗೆ ಈ ಸಂಗತಿ ಬಹಳ ಇಷ್ಟ! ಸಭೆಗಳಲ್ಲಿ ನಾವೂ ಗೀಚಿದ್ದೇವೆ, ಅರಮನೆ ಮಾತ್ರ ಎದ್ದಿಲ್ಲ.

ಎಲೆಯನ್ನು ನೋಡಿ ಅರಮನೆ ಕಟ್ಟಿದ ಅಂತ ಕಥೆಯನ್ನು ಇಲ್ಲಿಗೇ ಮುಗಿಸುವವರಿದ್ದಾರೆ. ಬಿಕಾಂ ಓದಿದ ನನಗೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕೆನಿಸುತ್ತದೆ. ಇಂಗ್ಲೆಂಡ್ ಗಾಜಿನ ಮೇಲಿನ ತೆರಿಗೆಯನ್ನು 1845ರಲ್ಲಿ ರದ್ದು ಮಾಡಿತ್ತು. ಆ ತೆರಿಗೆ ಉಳಿದಿದ್ದರೆ ಸುಮಾರು ಮೂರು ಲಕ್ಷ ಗಾಜಿನ ಹಲಗೆಗಳ ಕಟ್ಟಡಕ್ಕೆ ಯಾರು ಕೈಹಾಕುತ್ತಿದ್ದರು? ಪ್ಯಾಕ್ಸ್‌ಟನ್ನನಿಗೆ ಗಾಜಿನ ಮನೆ ಕಟ್ಟಿದ ಹತ್ತಾರು ವರ್ಷಗಳ ಅನುಭವವೂ ಇತ್ತು. ಎಲೆ ಧೈರ್ಯ ಕೊಟ್ಟಿತು, ತೊಟ್ಟಿಯ ಕೆಲಸ ಕೈ ಪಳಗಿಸಿತು, ಗಾಜಿನ ದರ ದಾರಿ ಮಾಡಿತು. 1851ರ ಮೇ 1ರಂದು ಪ್ರದರ್ಶನ ತೆರೆಯಿತು. ಅರವತ್ತು ಲಕ್ಷ ಟಿಕೆಟ್ ಖರ್ಚಾದವು, ತೋಟದವ ಸರ್ ಜೋಸೆಫ್ ಆದ.

ನಮ್ಮ ಗಾಜಿನ ಮನೆಗೆ ಶಂಕುಸ್ಥಾಪನೆ ಆದದ್ದು 1889ರಲ್ಲಿ, ಅದೇ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಕೈಯಿಂದ. ಬೇರೆ ಜಾಗಕ್ಕೆ ಹೋಗಿ ನಿಂತಿದ್ದ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ ಸುಟ್ಟುಹೋಯಿತು. ಅಜ್ಜ ಹೋದರೂ ಮೊಮ್ಮಗ ಲಾಲ್‌ಬಾಗಿನಲ್ಲಿ ಗಟ್ಟಿಯಾಗಿದ್ದಾನೆ.

ರಾಣಿಗೆ ಹೆಸರು ಸಿಕ್ಕಿತು, ಪ್ಯಾಕ್ಸ್‌ಟನ್ನನಿಗೆ ಪದವಿ ಸಿಕ್ಕಿತು. 'ಇರುಪೆ' ಅಂದವರ ಖಾತೆಗೆ ಮಾತ್ರ ಏನೂ ಜಮಾ ಆಗಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೂವಿನ ಸಾಲಿನಿಂದ ಒಂದು ನಿಮಿಷ ತಲೆ ಎತ್ತಿ ಚಾವಣಿ ನೋಡಿ. ಭಾರ ಹೊರುವುದು ಸಣ್ಣ ಕಬ್ಬಿಣದ ಪಟ್ಟಿಗಳು, ಗಾಜು ಬರೀ ಹೊದಿಕೆ. ಆಗ ಆ ನೀರಿನ ತಟ್ಟೆಯನ್ನೂ ಅದಕ್ಕೆ ಮೊದಲು ಹೆಸರಿಟ್ಟವರನ್ನೂ ಒಮ್ಮೆ ನೆನೆಯೋಣ.